ಸವಾಲಿನ ಹಣ ಮತ್ತು ಸೂರ್ಯಾಸ್ತದ ಮುಂಚಿನ ಊಟ

ಭಾದ್ರಪದದ ದಶಲಕ್ಷಣ ಪರ್ವ ಬಂತೆಂದರೆ ಮುಂಬೈ, ಪುಣೆ, ಹೈದರಾಬಾದುಗಳಲ್ಲಿ ನೆಲೆಸಿರುವ ಕನ್ನಡ ಜೈನ ಕುಟುಂಬಗಳು ಊರಿನ ಬಸದಿಗೆ ಹಣ ಕಳಿಸುವುದನ್ನು ಮರೆಯುವುದಿಲ್ಲ. ಸವಾಲಿನಲ್ಲಿ ಮೊದಲ ಕಲಶ ಪಡೆದವರ ಹೆಸರು ಧ್ವನಿವರ್ಧಕದಲ್ಲಿ ಮೊಳಗುತ್ತದೆ. ನೆಲಕ್ಕೆ ಅಮೃತಶಿಲೆ ಹಾಸಿಸಿದವರ ಹೆಸರು ಗೋಡೆಯ ಮೇಲೆ ಉಳಿಯುತ್ತದೆ. ಪರ್ವ ಮುಗಿದ ಮೇಲೆ ಆ ನೆಲದ ಮೇಲೆ ನಡೆಯುವವರು ನಾಲ್ಕಾರು ವೃದ್ಧರು ಮಾತ್ರ. ಎಷ್ಟೋ ಸಲ ಹಣ ಕಳಿಸಿದವರ ತಂದೆತಾಯಿಗಳೇ ಅವರು.

ಈ ಹಿರಿಯರು ನಗರಕ್ಕೆ ಬರಲೊಪ್ಪದಿರುವುದು ಹಟದಿಂದಲ್ಲ. ಹನ್ನೆರಡನೆಯ ಮಹಡಿಯಲ್ಲಿ ಹಗಲೆಲ್ಲ ಒಂಟಿತನ. ಕಾಲ್ನಡಿಗೆಯ ದೂರದಲ್ಲಿ ಬಸದಿಯಿಲ್ಲ. ಮಗ, ಸೊಸೆ ಕಚೇರಿಯಿಂದ ಮರಳುವ ಹೊತ್ತಿಗೆ ಅವರ ಊಟದ ವೇಳೆ ಮೀರಿರುತ್ತದೆ. ವೃದ್ಧಾಶ್ರಮಗಳಲ್ಲಿ ಸೋಸಿದ ನೀರು, ಕಂದಮೂಲವಿಲ್ಲದ ಅಡುಗೆ, ಸೂರ್ಯಾಸ್ತಕ್ಕೆ ಮೊದಲು ಊಟ ದೊರೆಯುವುದು ವಿರಳ. ಎಪ್ಪತ್ತು ವರ್ಷ ಪಾಲಿಸಿದ ವ್ರತವನ್ನು ಬಿಡುವುದಕ್ಕಿಂತ ಊರಿನ ಖಾಲಿ ಮನೆಯೇ ಲೇಸೆಂದು ಅವರು ಭಾವಿಸಿದರೆ ತಪ್ಪೇನು?

ಮುಂದಿನ ದಿನಗಳು ಇನ್ನೂ ಕಠಿಣ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಜೈನರ ಒಟ್ಟು ಫಲವತ್ತತೆಯ ದರ 1.2 ಮಾತ್ರ; ಧಾರ್ಮಿಕ ಸಮುದಾಯಗಳಲ್ಲೇ ಅದು ಆಗ ಅತಿ ಕಡಿಮೆಯಾಗಿತ್ತು. ಇಬ್ಬರು ಹಿರಿಯರನ್ನು ನೋಡಿಕೊಳ್ಳುವ ಭಾರ ಬಹುಪಾಲು ಒಬ್ಬನೇ ಮಗನ ಅಥವಾ ಮಗಳ ಮೇಲೆ ಬೀಳಲಿದೆ. 2007ರ ಹಿರಿಯ ನಾಗರಿಕರ ಕಾಯ್ದೆ ಮಕ್ಕಳಿಂದ ಜೀವನಾಂಶ ಕೊಡಿಸಬಲ್ಲದು; ಸಂಜೆ ಐದಕ್ಕೆ ಬಿಸಿ ಅನ್ನ ಬಡಿಸಲಾರದು.

ಲೆಕ್ಕಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಸಮಾಜದ ದಾನವೆಲ್ಲ ಬಂಡವಾಳ ವೆಚ್ಚಕ್ಕೆ ಹರಿಯುತ್ತಿದೆ. ತಿಂಗಳು ತಿಂಗಳಿನ ಆವರ್ತಕ ವೆಚ್ಚಕ್ಕೆ ದಾನಿಗಳಿಲ್ಲ. ಮಾನಸ್ತಂಭಕ್ಕೆ ಹಣ ಕೂಡುತ್ತದೆ. ಅಡುಗೆಯವಳ ಸಂಬಳಕ್ಕೆ ಕೂಡುವುದಿಲ್ಲ.

ದೇವರಿಗೆ ಅರ್ಪಿಸಿದ ದ್ರವ್ಯವನ್ನು ಮನುಷ್ಯರಿಗೆ ಬಳಸಿದರೆ ನಿರ್ಮಾಲ್ಯ ದೋಷ ತಗಲುತ್ತದೆಂಬ ಆಕ್ಷೇಪ ಬರಬಹುದು. ಅದು ಗೌರವಿಸತಕ್ಕ ಮಾತೇ. ಆದುದರಿಂದ ಸವಾಲಿನ ಹಣವನ್ನು ಮುಟ್ಟುವುದು ಬೇಡ. ಅದರ ಜೊತೆಗೆ, ಅದರ ಐದನೆಯ ಒಂದು ಭಾಗದಷ್ಟನ್ನು ದಾನಿಯೇ ಬೇರೆಯಾಗಿ, ಉದ್ದೇಶ ಬರೆದು, ಬೇರೆ ರಸೀದಿಯ ಮೇಲೆ ಕೊಡಲಿ. ಆ ನಿಧಿಗೆ ವೈಯಾವೃತ್ಯ ಎಂಬ ಹೆಸರು ಒಪ್ಪುತ್ತದೆ. ತತ್ತ್ವಾರ್ಥಸೂತ್ರವು ಅದನ್ನು ಆರು ಅಂತರಂಗ ತಪಗಳಲ್ಲಿ ಒಂದೆಂದು ಎಣಿಸಿದೆ. ಅಲ್ಲಿ ಸೇವೆಗೆ ಪಾತ್ರರಾದವರು ಮುನಿಗಳು, ನಿಜ. ಆದರೆ ಅವರಲ್ಲಿ ರೋಗಪೀಡಿತರನ್ನು ಪ್ರತ್ಯೇಕವಾಗಿ ಹೆಸರಿಸಿದ ಕರುಣೆಯನ್ನು ಗೃಹಸ್ಥರು ತಮ್ಮ ಮನೆಯ ಹಿರಿಯರಿಗೆ ವಿಸ್ತರಿಸುವುದಕ್ಕೆ ಅಡ್ಡಿಯಿಲ್ಲ.

ಐವತ್ತು ಕುಟುಂಬಗಳು ತಿಂಗಳಿಗೆ ತಲಾ 1,000 ರೂಪಾಯಿ ಕೊಟ್ಟರೆ ವರ್ಷಕ್ಕೆ 6 ಲಕ್ಷ. ಬಸದಿಯ ಮಗ್ಗುಲಲ್ಲಿ ಬೀಗ ಹಾಕಿರುವ ಛತ್ರದಲ್ಲಿ ಒಂದು ಅಡುಗೆಮನೆ ನಡೆಸಲು, ವಾರಕ್ಕೊಮ್ಮೆ ದಾದಿಯೊಬ್ಬಳನ್ನು ಕರೆಸಲು ಅದರಿಂದ ಆರಂಭ ಮಾಡಬಹುದು. ಜಮಾ ಖರ್ಚನ್ನು ವರ್ಷಕ್ಕೊಮ್ಮೆ ಸಭೆಯಲ್ಲಿ ಓದಿ ಹೇಳಬೇಕು.

ಇದು ಹೊಸ ಮಾರ್ಗವೇನೂ ಅಲ್ಲ. 1899ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಜೈನ ಸಭೆಯ ಹಿರಿಯರು ಸಮಾಜದ ದಾನವನ್ನು ವಿದ್ಯಾರ್ಥಿನಿಲಯಗಳತ್ತ ತಿರುಗಿಸಿದರು. ಅಂದು ಹಳ್ಳಿಯ ಹುಡುಗನಿಗೆ ಪಟ್ಟಣದಲ್ಲಿ ಅನ್ನ, ಆಸರೆ ಬೇಕಿತ್ತು, ಸಮಾಜ ಕೊಟ್ಟಿತು. ಹಾಗೆ ಓದಿ ನಗರ ಸೇರಿದ ಪೀಳಿಗೆಗಳ ಬೆನ್ನಿಗೆ ಊರಿನಲ್ಲಿ ಉಳಿದವರಿಗೆ ಇಂದು ಅದೇ ಅನ್ನ, ಅದೇ ಆಸರೆ ಬೇಕಾಗಿದೆ. ಮುಂದಿನ ಪರ್ವದ ಸವಾಲಿಗೆ ಕೂಗುವ ಮುನ್ನ ಸಮಾಜಬಾಂಧವರು ಈ ಸಾಲದ ಲೆಕ್ಕವನ್ನೂ ಒಮ್ಮೆ ನೋಡಲಿ.