ಗಣಿ ಮುಚ್ಚಿತು, ಚಿನ್ನ ಮುಗಿಯಲಿಲ್ಲ

2001ರಲ್ಲಿ ಕೋಲಾರದ ಚಿನ್ನದ ಗಣಿಗಳು ಮುಚ್ಚಿದವು. ಶತಮಾನಕ್ಕೂ ಮಿಗಿಲಾಗಿ ಅಗೆದು, ಮೂರು ಕಿಲೋಮೀಟರಿಗೂ ಕೆಳಗಿಳಿದ ಮೇಲೆ, ದೊರೆತ ಚಿನ್ನ ಅದನ್ನು ತೆಗೆಯುವ ವೆಚ್ಚವನ್ನೇ ತುಂಬಿಕೊಡದಾಯಿತು. ಪೈರಿನಂತೆ ಲೋಹ ಮತ್ತೆ ಬೆಳೆಯುವುದಿಲ್ಲ.

ಆದರೆ ಲೋಹಕ್ಕೊಂದು ಗುಣವುಂಟು: ಎಷ್ಟು ಸಲ ಕರಗಿಸಿದರೂ ಅದು ತನ್ನತನವನ್ನು ಬಿಡದು. 2021ರಲ್ಲಿ ಟೋಕಿಯೊದಲ್ಲಿ ನಡೆದ ಒಲಿಂಪಿಕ್ಸಿನ ಸುಮಾರು 5,000 ಪದಕಗಳಿಗೆ ಬೇಕಾದ ಲೋಹ ಜಪಾನಿನ ಜನ ಒಪ್ಪಿಸಿದ ಹಳೆಯ ಫೋನು, ಕಂಪ್ಯೂಟರುಗಳಿಂದ ಬಂದಿತು. ಅವುಗಳಿಂದ ದೊರೆತ ಚಿನ್ನವೇ ಸುಮಾರು 32 ಕಿಲೋ.

ಅಂಥ ಗಣಿ ನಮ್ಮ ಮನೆಗಳ ಮೇಜಿನ ಖಾನೆಗಳಲ್ಲಿಯೂ ಉಂಟು. ಅದು ಗುಜರಿಯವನ ಚೀಲ ಸೇರಿದ ಮೇಲೆ, ಹಲವೆಡೆ ಇಕ್ಕಟ್ಟಾದ ಗಲ್ಲಿಗಳಲ್ಲಿ ಬರಿಗೈಯವರು ತಂತಿ ಸುಟ್ಟು, ಆಮ್ಲದಲ್ಲಿ ಅದ್ದಿ ಲೋಹ ತೆಗೆಯುತ್ತಾರೆ. ವಿಷ ಅವರ ಉಸಿರಿಗೂ ನೆಲದ ನೀರಿಗೂ ಇಳಿಯುತ್ತದೆ. 2023ರ ಏಪ್ರಿಲಿನಲ್ಲಿ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆದರೆ ನಮ್ಮ ಬಾಗಿಲಿಗೆ ಬರುವವನು ತಯಾರಕನಲ್ಲ, ಗುಜರಿಯವನು. ಅವನ ದುಡಿಮೆಗೆ ತಕ್ಕ ಬೆಲೆ ಕೊಟ್ಟು, ಆ ಚೀಲ ನೋಂದಾಯಿತ ಕಾರ್ಖಾನೆಯನ್ನು ಮುಟ್ಟುವಂತೆ ಮಾಡದ ಹೊರತು ನಿಯಮ ಕಾಗದದಲ್ಲಿಯೇ ಉಳಿದೀತು.

ಕೋಲಾರದ ಚಿನ್ನಕ್ಕೆ ಅಲ್ಲಿಯ ಕಾರ್ಮಿಕರು ಕಲ್ಲಿನ ಧೂಳು ತುಂಬಿದ ಶ್ವಾಸಕೋಶಗಳನ್ನು ತೆತ್ತರು. ಈ ಎರಡನೆಯ ಗಣಿಯೂ ಅದೇ ಬೆಲೆಯನ್ನು ಕೇಳಬೇಕೆ?