ಎಣ್ಣೆ ವಿದ್ಯೆಯ ಗ್ರಾಂಟು ಯಾರ ಪಾಲಿಗೆ?



ಸೀಮೆಎಣ್ಣೆ ಬುಡ್ಡಿಯ ಹೊಗೆ ಕುಡಿದು ಓದಿದವರು ನಮ್ಮ ಅಪ್ಪ, ಅಣ್ಣಂದಿರು. ಆದರೆ ಆ ಎಣ್ಣೆಯನ್ನು ನೆಲದೊಳಗಿಂದ ಹೇಗೆ ತೆಗೀತಾರೆ, ಹೇಗೆ ಶುದ್ಧ ಮಾಡ್ತಾರೆ ಅನ್ನುವ ವಿದ್ಯೆ ಮಾತ್ರ ನಮ್ಮ ಕೇರಿಯ ಕಡೆ ಬರಲೇ ಇಲ್ಲ.

ಸರ್ಕಾರ ಈ ವಿದ್ಯೆಗೆ ದುಡ್ಡು ಕೊಟ್ಟಿಲ್ಲ ಅಂತಲ್ಲ. ಉತ್ತರ ಪ್ರದೇಶದ ಜಾಯಸ್‌ನಲ್ಲಿರುವ ರಾಜೀವ್ ಗಾಂಧಿ ಪೆಟ್ರೋಲಿಯಂ ತಂತ್ರಜ್ಞಾನ ಸಂಸ್ಥೆಗಾಗಿ 2007ರಲ್ಲಿ ಪಾರ್ಲಿಮೆಂಟು ಕಾಯ್ದೆಯನ್ನೇ ಮಾಡಿತು. ಅದರದೊಂದು ಕೇಂದ್ರ ಬೆಂಗಳೂರಿನ ಹತ್ತಿರವೂ ಇದೆ. ವಿಶಾಖಪಟ್ಟಣದಲ್ಲಿ 2016ರಲ್ಲಿ ಇನ್ನೊಂದು ಸಂಸ್ಥೆ ಶುರುವಾಯಿತು. ಅದನ್ನು ಕಟ್ಟಲು 2017ರಲ್ಲಿ ಕೇಂದ್ರ ಮಂತ್ರಿಮಂಡಲ ಒಪ್ಪಿದ್ದು 655.46 ಕೋಟಿ ರೂಪಾಯಿ. ಅದರ ಕಾಯಂ ನಿಧಿಗೆ ಸರ್ಕಾರದ ಪಾಲು 200 ಕೋಟಿ.

ಈ ದುಡ್ಡು ಯಾರದು? ಡೀಸೆಲ್ ಮೇಲಿನ ತೆರಿಗೆ ಬಸ್ ಚಾರ್ಜಿನಲ್ಲಿ, ಅಕ್ಕಿ ಬೇಳೆಯ ಬೆಲೆಯಲ್ಲಿ ಸೇರಿಕೊಂಡು ಕೂಲಿ ಮಾಡುವ ಅವ್ವನ ಸೆರಗಿನ ಗಂಟಿಗೂ ಕೈ ಹಾಕುತ್ತೆ. ಕೊಟ್ಟವರಲ್ಲಿ ನಾವೂ ಇದ್ದೀವಿ. ಹಾಗಿದ್ದ ಮೇಲೆ ಲೆಕ್ಕ ಕೇಳೋದು ತಪ್ಪೇನಲ್ಲ.

ಅಲ್ಲಿ ಮೀಸಲಾತಿ ಇದೆ. ಪರಿಶಿಷ್ಟ ಜಾತಿಗೆ ಶೇ. 15, ಪಂಗಡಕ್ಕೆ ಶೇ. 7.5. ಆದರೆ ಬಿ.ಟೆಕ್. ಬಾಗಿಲು ತೆರೆಯೋದು ಜೆಇಇ ಅಡ್ವಾನ್ಸ್ಡ್ ಪಾಸಾದವರಿಗೆ. ಜೆಇಇ ಮೇನ್ ಕನ್ನಡದಲ್ಲಿ ಬರೀಬಹುದು. ಅಡ್ವಾನ್ಸ್ಡ್ ಪ್ರಶ್ನೆಪತ್ರಿಕೆ ಮಾತ್ರ ಇಂಗ್ಲಿಷ್, ಹಿಂದಿ ಎರಡರಲ್ಲೇ. ಕೋಚಿಂಗಿಗೆ ಲಕ್ಷ ಸುರಿಯುವವರ ಮಕ್ಕಳೆಲ್ಲಿ, ಗಣಿತದ ಮೇಷ್ಟ್ರೇ ಇಲ್ಲದ ಊರಿನ ಹುಡುಗಿ ಎಲ್ಲಿ? ಗ್ರಾಂಟು ಕಟ್ಟಡದ ತನಕ ಬಂದು ನಿಂತುಬಿಡುತ್ತೆ. ಹಾಸ್ಟೆಲಿನ ಓದುವ ಕೋಣೆ ತನಕ ಬರೋದಿಲ್ಲ.

ಈ ಸೂಕ್ಷ್ಮವನ್ನು ಬಾಬಾಸಾಹೇಬರು ಎಂದೋ ಕಂಡಿದ್ದರು. 1942ರಲ್ಲಿ ವೈಸರಾಯರಿಗೆ ಕೊಟ್ಟ ಮನವಿಯಲ್ಲಿ, ವಿಜ್ಞಾನ ಮತ್ತು ತಂತ್ರಜ್ಞಾನ ಓದುವ ನಮ್ಮ ಮಕ್ಕಳ ವಿದ್ಯಾರ್ಥಿವೇತನಕ್ಕೆ ವರ್ಷಕ್ಕೆ 2 ಲಕ್ಷ, ವಿದೇಶದಲ್ಲಿ ಓದೋದಕ್ಕೆ 1 ಲಕ್ಷ ಕೊಡಿ ಅಂತ ಕೇಳಿದರು. ಅವರು ಕೇಳಿದ್ದು ಕಟ್ಟಡಕ್ಕಲ್ಲ, ಓದುವ ಮಕ್ಕಳಿಗೆ. 1944ರಲ್ಲಿ ಶುರುವಾದ ವಿದ್ಯಾರ್ಥಿವೇತನವೇ ಇವತ್ತಿಗೂ ನಾವು ಕಾಯುತ್ತಾ ಕೂರುವ ಸ್ಕಾಲರ್‌ಶಿಪ್ಪಿನ ಮೂಲ.

ಇನ್ನು ನಮ್ಮೊಳಗಿನ ಮಾತು. ‘ಸೈನ್ಸ್ ನಿಮ್ಮಂಥವರಿಗಲ್ಲ, ಆರ್ಟ್ಸ್ ತಗೋ’ ಅಂತ ಯಾರೋ ಅಂದರೆ ನಾವೂ ತಲೆ ಆಡಿಸಿ ಬಂದುಬಿಡ್ತೀವಿ. ಟ್ಯಾಂಕರ್ ತೊಳೆಯೋದಕ್ಕೆ, ಬಂಕಿನಲ್ಲಿ ಪೈಪು ಹಿಡಿಯೋದಕ್ಕೆ ನಾವು ಬೇಕು, ಬಾವಿ ಕೊರೆಯುವ ಲೆಕ್ಕ ಹಾಕೋದಕ್ಕೆ ಬೇಡವೇ? ಈ ತಲೆ ಆಡಿಸುವ ಚಾಳಿ ಮೊದಲು ಬಿಡಬೇಕು.

ಆದ್ದರಿಂದ ನಮ್ಮ ಬೇಡಿಕೆಗಳು ಇವು: ಪ್ರತಿ ಪಿಯುಸಿ ಹಾಸ್ಟೆಲಿನಲ್ಲಿ ಸಂಜೆ ಗಣಿತ, ಭೌತಶಾಸ್ತ್ರ ಹೇಳಿಕೊಡುವವರು ಇರಬೇಕು. ಅಡ್ವಾನ್ಸ್ಡ್ ಪರೀಕ್ಷೆ ಕನ್ನಡದಲ್ಲೂ ಆಗಬೇಕು. ಗ್ರಾಂಟು ತಿನ್ನುವ ಪ್ರತಿ ಸಂಸ್ಥೆ, ನಮ್ಮ ಸೀಟು ಎಷ್ಟು ತುಂಬಿತು, ನಮ್ಮವರು ಎಷ್ಟು ಜನ ಪಾಠ ಹೇಳ್ತಿದ್ದಾರೆ, ಎಷ್ಟು ಮಕ್ಕಳು ನಡುವೆ ಬಿಟ್ಟುಹೋದರು ಅಂತ ವರ್ಷವರ್ಷ ಹೇಳಬೇಕು. ಹೇಳದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿಯ ಅರ್ಜಿ. ಹಾಸ್ಟೆಲಿನಲ್ಲಿ ನಾಲ್ಕು ಜನ ಕೂತು ಇವತ್ತು ರಾತ್ರಿಯೇ ಬರೀರಿ.

ಜೈ ಭೀಮ್.