ಹಿತ್ತಲು, ಕೂಸು ಮತ್ತು ಬೇಸಿಗೆಯ ಸೊಳ್ಳೆ

ಹೆಜ್ಜೆಯಿಡಲು ಕಲಿತ ಕೂಸಿಗೆ ಹಿತ್ತಲೇ ಮೊದಲ ಪಾಠಶಾಲೆ. ಕರಿಬೇವಿನ ಎಲೆಯನ್ನು ಹಿಚುಕಿ ಮೂಸುವುದು, ಇರುವೆಗಳ ಸಾಲನ್ನು ಹಿಂಬಾಲಿಸುವುದು, ಪುಟ್ಟ ಚೊಂಬಿನಿಂದ ದಾಸವಾಳದ ಬುಡಕ್ಕೆ ನೀರೆರೆದು ತಾನೇ ಅರ್ಧ ನೆನೆಯುವುದು, ಇಂಥ ಆನಂದವನ್ನು ಬೆಲೆಬಾಳುವ ಯಾವ ಆಟಿಕೆಯೂ ಕೊಡಲಾರದು. ಆದರೆ ಬೇಸಿಗೆ ಕಾಲಿರಿಸಿತೆಂದರೆ ಅನೇಕ ಮನೆಗಳಲ್ಲಿ ಹಿತ್ತಲ ಬಾಗಿಲಿಗೆ ಅಗುಳಿ ಬೀಳುತ್ತದೆ. ಒಂದೆಡೆ ಬಿಸಿಲು, ಇನ್ನೊಂದೆಡೆ ಸೊಳ್ಳೆ. ಕೂಸು ಒಳಗೆ ಟಿ.ವಿ.ಯ ಮುಂದೆಯೋ ಮೊಬೈಲಿನ ಮುಂದೆಯೋ ಕುಳಿತುಬಿಡುತ್ತದೆ. ಇದು ಅನಿವಾರ್ಯವೇನೂ ಅಲ್ಲ.

ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವಪುರವನ್ನೇ ನೋಡೋಣ. ಲಕ್ಷ್ಮೀನರಸಿಂಹಸ್ವಾಮಿಯ ದೇವಾಲಯದಿಂದ ಹೆಸರಾದ ಊರಿದು. ಊರಿನ ಹೆಸರಿನಲ್ಲಿಯೂ ತಾಲ್ಲೂಕಿನ ಹೆಸರಿನಲ್ಲಿಯೂ ಕೆರೆಯಿದೆ. ಆದರೆ ಚಿತ್ರದುರ್ಗ ಜಿಲ್ಲೆ ಮಳೆ ಕಡಿಮೆಯಿರುವ ಬಯಲುಸೀಮೆ. ಬಂದ ನೀರನ್ನು ತೊಟ್ಟಿ, ಡ್ರಮ್ಮು, ಕೊಡಗಳಲ್ಲಿ ಹಿಡಿದಿಡುವುದು ಇಲ್ಲಿನ ಗೃಹಿಣಿಯರ ಜಾಣ್ಮೆ. ಆ ಜಾಣ್ಮೆಯ ಮರೆಯಲ್ಲಿಯೇ ಸೊಳ್ಳೆಯೂ ಸಂಸಾರ ಹೂಡುತ್ತದೆ. ಚರಂಡಿಯ ಕೊಳಕು ನೀರಿನಲ್ಲಿ ಬೆಳೆದು ಇರುಳಿನಲ್ಲಿ ಕಾಡುವ ಕ್ಯೂಲೆಕ್ಸ್ ಸೊಳ್ಳೆ ಬೇರೆ. ಡೆಂಗಿ ಮತ್ತು ಚಿಕುನ್‌ಗುನ್ಯ ಹರಡುವ ಈಡಿಸ್ ಸೊಳ್ಳೆ ಬಯಸುವುದು ನಾವು ಶುದ್ಧವೆಂದು ಕೂಡಿಟ್ಟ ತಿಳಿನೀರನ್ನು. ಕಪ್ಪು ಮೈಯ ಮೇಲೆ ಬಿಳಿಯ ಪಟ್ಟೆಗಳುಳ್ಳ ಈ ಸೊಳ್ಳೆ ಕಚ್ಚುವುದು ಹಗಲಿನಲ್ಲಿ.

ತಾಯಂದಿರು ಗಮನಿಸಬೇಕಾದ ತೊಡಕು ಇಲ್ಲಿದೆ. ಬಿಸಿಲಿನ ಭಯದಿಂದ ನಾವು ಕೂಸನ್ನು ಹಿತ್ತಲಿಗೆ ಬಿಡುವುದು ಬೆಳಗಿನ ಎಳೆಬಿಸಿಲಿನಲ್ಲಿ, ಇಲ್ಲವೇ ಸಂಜೆಯ ತಂಪಿನಲ್ಲಿ. ಈಡಿಸ್ ಹೆಚ್ಚಾಗಿ ಕಚ್ಚುವುದೂ ಸೂರ್ಯೋದಯದ ನಂತರದ ಮತ್ತು ಸೂರ್ಯಾಸ್ತದ ಮುಂಚಿನ ಆ ಹೊತ್ತಿನಲ್ಲಿಯೇ! ಆದುದರಿಂದ ವೇಳೆಯನ್ನು ಬದಲಿಸಿ ಈ ಸೊಳ್ಳೆಯಿಂದ ಪಾರಾಗಲಾಗದು. ಅದು ಹುಟ್ಟುವ ಎಡೆಯನ್ನೇ ಇಲ್ಲವಾಗಿಸಬೇಕು.

ಇದೇನೂ ಸಣ್ಣ ಮಾತಲ್ಲ. ಮೂರು ದಶಕಗಳ ಕಾಲ ಮರೆಯಾಗಿದ್ದ ಚಿಕುನ್‌ಗುನ್ಯ 2005ರಲ್ಲಿ ನಮ್ಮ ದೇಶದಲ್ಲಿ ಮತ್ತೆ ತಲೆಯೆತ್ತಿತು. 2006ರಲ್ಲಿ ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿ ಜನರು ಕೀಲುನೋವಿನಿಂದ ಹಾಸಿಗೆ ಹಿಡಿದುದನ್ನು ಹಿರಿಯರು ಮರೆತಿಲ್ಲ. 2024ರಲ್ಲಿ ರಾಜ್ಯ ಸರ್ಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಆಸ್ಪದ ಕೊಡುವವರಿಗೆ ದಂಡವನ್ನೂ ವಿಧಿಸಿತು.

ಬೇಸಿಗೆಯ ಕಾವಿನಲ್ಲಿ ಮೊಟ್ಟೆಯು ಹಾರುವ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನಗಳು ಸಾಕು. ಆದ್ದರಿಂದ ವಾರಕ್ಕೊಂದು ದಿನವನ್ನು ಗೊತ್ತುಮಾಡಿಕೊಂಡು ತೊಟ್ಟಿ, ಡ್ರಮ್ಮುಗಳನ್ನು ಬರಿದು ಮಾಡಬೇಕು. ನೀರನ್ನು ಚೆಲ್ಲಬೇಕಿಲ್ಲ, ಗಿಡಗಳಿಗೆ ಹಾಯಿಸಿದರಾಯಿತು. ಆದರೆ ನೀರು ತೆಗೆದ ಮಾತ್ರಕ್ಕೆ ಕೆಲಸ ಮುಗಿಯದು. ಈಡಿಸ್ ತನ್ನ ಮೊಟ್ಟೆಗಳನ್ನು ಪಾತ್ರೆಯ ಒಳಗೋಡೆಗೆ ಅಂಟಿಸುತ್ತದೆ. ಒಣಗಿದರೂ ಅವು ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ನೀರು ತಾಕಿದೊಡನೆ ಒಡೆಯುತ್ತವೆ. ಆದುದರಿಂದ ಒಳಮೈಯನ್ನು ನಾರಿನಿಂದ ತಿಕ್ಕಿ ತೊಳೆಯುವುದು ಅಗತ್ಯ. ಬರಿದು ಮಾಡಲಾಗದ ದೊಡ್ಡ ತೊಟ್ಟಿಗೆ ಮರಿಹುಳುಗಳನ್ನು ತಿನ್ನುವ ಗಪ್ಪಿ ಮೀನುಗಳನ್ನು ಬಿಡಬಹುದು.

ಅಡಿಕೆ, ತೆಂಗು ಬೆಳೆಯುವ ಈ ಸೀಮೆಯಲ್ಲಿ ಇನ್ನೊಂದು ಎಚ್ಚರಿಕೆಯೂ ಬೇಕು. ಹಾಳೆಯ ಮೇಲೆ ಕೂಸನ್ನು ಕೂರಿಸಿ ಎಳೆದಾಡಿಸುವುದಕ್ಕಿಂತ ಸೊಗಸಾದ ಹಿತ್ತಲಾಟ ಬೇರೊಂದಿಲ್ಲ. ಆಟ ಮುಗಿದ ಮೇಲೆ ಹಾಳೆಯನ್ನು ಬೋರಲು ಹಾಕಿರಿ. ಮೊದಲ ಮಳೆಯ ನಾಲ್ಕು ಹನಿ ನಿಂತರೆ ಆ ಹಾಳೆ, ತೆಂಗಿನ ಚಿಪ್ಪು, ಹಳೆಯ ಟೈರು ಎಲ್ಲವೂ ಸೊಳ್ಳೆಯ ತೊಟ್ಟಿಲುಗಳೇ.

ತೊಟ್ಟಿ, ಡ್ರಮ್ಮುಗಳಿಗೆ ಭದ್ರವಾದ ಮುಚ್ಚಳವಿರಲಿ. ಈ ಮುಚ್ಚಳ ತಡೆಯುವುದು ಸೊಳ್ಳೆಯನ್ನು ಮಾತ್ರವಲ್ಲ. ಎಳೆಯ ಕೂಸಿನ ತಲೆ ಮೈಯ ಅಳತೆಗೆ ಹೋಲಿಸಿದರೆ ಭಾರ; ಬಕೆಟ್ಟಿಗೆ ಬಗ್ಗಿದ ಕೂಸು ಮುಗ್ಗರಿಸಿದರೆ ಮೇಲೇಳಲಾರದು. ಪ್ರಾಣ ಹೋಗಲು ಕೆಲವೇ ಅಂಗುಲ ನೀರು ಸಾಕು, ಅದೂ ಸದ್ದಿಲ್ಲದೆ. ಮುಚ್ಚಳವಿದ್ದರೂ ಹಿರಿಯರೊಬ್ಬರ ಕಣ್ಣು ಕೂಸಿನ ಮೇಲೆ ಇದ್ದೇ ಇರಬೇಕು.

ಸೊಳ್ಳೆ ಓಡಿಸಲು ಹೊಗೆ ಹಾಕುವ ವಾಡಿಕೆಯನ್ನು ಕೂಸಿರುವೆಡೆ ಕೈಬಿಡುವುದು ಲೇಸು. 2003ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಸೊಳ್ಳೆಬತ್ತಿಯ ಒಂದು ಸುರುಳಿ ಉರಿದಾಗ ಹೊರಬೀಳುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳಿಗೆ ಸಮ. ಕರ್ಪೂರವೂ ನೀಲಗಿರಿ ಎಣ್ಣೆಯೂ ಕೂಸಿನ ಕೈಗೆ ಸಿಗಬಾರದು. ನುಂಗಿದರೆ ಸೆಳವು ಬರುವ ಅಪಾಯವುಂಟು. ಕೈಕಾಲು ಮುಚ್ಚುವ, ತಿಳಿಬಣ್ಣದ, ಸಡಿಲವಾದ ಹತ್ತಿಯ ಉಡುಪೂ, ಹಗಲಿನ ನಿದ್ರೆಗೂ ಸೊಳ್ಳೆಪರದೆಯೂ ಇದ್ದರೆ ಒಳಿತು.

ಇನ್ನು ಬಿಸಿಲಿನ ಮಾತು. ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಕೂಸು ಒಳಗಿರಲಿ. ಉಳಿದ ಹೊತ್ತಿನಲ್ಲಿ ಬೇವಿನ ಇಲ್ಲವೇ ಹೊಂಗೆಯ ನೆರಳಿನಲ್ಲಿ ಚಾಪೆ ಹಾಸಿರಿ. ಬರಿಗಾಲಿಗೆ ಮುನ್ನ ನೆಲದ ಕಾವನ್ನು ನಿಮ್ಮ ಅಂಗೈಯಿಂದ ಪರೀಕ್ಷಿಸಿರಿ. ಕೂಸು ಬಾಯಾರಿಕೆಯನ್ನು ಹೇಳಲರಿಯದು. ಆಗಾಗ ನೀರು, ತಿಳಿ ಮಜ್ಜಿಗೆ, ಎಳನೀರನ್ನು ಗುಟುಕು ಗುಟುಕಾಗಿ ಕೊಡಿರಿ. ಬಾಯಿ ಒಣಗಿ, ಆರು ಗಂಟೆಗಳಾದರೂ ಮೂತ್ರವಾಗದೆ ಮಂಕಾಗಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು.

ಜ್ವರ ಬಂದರೆ ಮನೆಯಲ್ಲಿರುವ ಮಾತ್ರೆಗಳನ್ನು ಕೊಡಬಾರದು. ಡೆಂಗಿಯಲ್ಲಿ ಆಸ್ಪಿರಿನ್ ರಕ್ತಸ್ರಾವಕ್ಕೆ ದಾರಿ. ಜ್ವರ ಇಳಿದೊಡನೆ ನಿಶ್ಚಿಂತರಾಗುವುದೂ ಸಲ್ಲ. ಹೊಟ್ಟೆನೋವು, ಪದೇ ಪದೇ ವಾಂತಿ, ವಸಡಿನಲ್ಲಿ ರಕ್ತ ಮುಂತಾದ ಅಪಾಯದ ಲಕ್ಷಣಗಳು ತೋರುವುದು ಬಹುಮಟ್ಟಿಗೆ ಆಗಲೇ.

ಈಡಿಸ್ ಹುಟ್ಟಿದೆಡೆಯಿಂದ ಬಹುದೂರ ಹಾರುವ ಸೊಳ್ಳೆಯಲ್ಲ. ನಮ್ಮ ಕೂಸನ್ನು ಕಚ್ಚುವುದು ನಮ್ಮ ಹಿತ್ತಲಿನದು, ಇಲ್ಲವೇ ಪಕ್ಕದ ಮನೆಯದು. ಆದ್ದರಿಂದ ಒಂದು ಮನೆಯ ಶ್ರಮ ಸಾಲದು. ಓಣಿಯ ಮನೆಗಳೆಲ್ಲವೂ ಒಂದೇ ದಿನವನ್ನು ಗೊತ್ತುಮಾಡಿಕೊಂಡು ತೊಟ್ಟಿಗಳನ್ನು ತೊಳೆಯುವ ಕಾಯಕವನ್ನು ಹಿಡಿದರೆ, ಹಿತ್ತಲ ಬಾಗಿಲಿನ ಅಗುಳಿಯನ್ನು ನಿರ್ಭಯವಾಗಿ ತೆಗೆಯಬಹುದು.